ಓದಿದರೆ ಅರ್ಥವಾಗುತ್ತದೆ, ಕೇಳಿದರೆ ಇಲ್ಲ. ಬಿ1 ಲಿಸನಿಂಗ್‌ಗೆ ಹೇಗೆ ತಯಾರಾಗೋದು?

ತೋಟದಹುಡುಗಿ · ಜೂನ್ 3, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಊರು ಸಾಗರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಈಗ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬೇರೆ ತಂಡಕ್ಕೆ ಹೋಗಬೇಕಾದರೆ ಇಂಗ್ಲಿಷಿನಲ್ಲಿ ಬಿ1, ಅಂದರೆ ಮಧ್ಯಮ ಮಟ್ಟದ, ಸರ್ಟಿಫಿಕೇಟ್ ಬೇಕು ಎಂದಿದ್ದಾರೆ. ಅದಕ್ಕೆ ಕೇಂಬ್ರಿಡ್ಜ್‌ನವರ ಬಿ1 ಪ್ರಿಲಿಮಿನರಿಗೆ ಕಟ್ಟಿದ್ದೇನೆ. ಹಿಂದೆ ಪೆಟ್ ಅನ್ನುತ್ತಿದ್ದರಲ್ಲ, ಅದೇ. ಪರೀಕ್ಷೆ ಆಗಸ್ಟ್ ಮೂರನೇ ವಾರ.

ರೀಡಿಂಗ್ ಪರವಾಗಿಲ್ಲ. ಅಭ್ಯಾಸದ ಪೇಪರಿನಲ್ಲಿ 32ಕ್ಕೆ 28 ಬಂತು. ಲಿಸನಿಂಗ್‌ನಲ್ಲಿ 25ಕ್ಕೆ 11. ಬೇಜಾರಿನ ವಿಷಯ ಏನೆಂದರೆ, ಆಮೇಲೆ ಅದೇ ಆಡಿಯೋದ ಬರಹ ತೆಗೆದು ಓದಿದೆ. ಗೊತ್ತಿಲ್ಲದ ಪದ ಒಂದೇ ಒಂದು ಇತ್ತು! ಎಲ್ಲ ಗೊತ್ತಿರುವ ಪದಗಳೇ. ಆದರೆ ಕೇಳುವಾಗ ಒಂದು ವಾಕ್ಯ ಕೈಗೆ ಸಿಗುವಷ್ಟರಲ್ಲಿ ಇನ್ನೆರಡು ವಾಕ್ಯ ಹೋಗಿಬಿಟ್ಟಿರುತ್ತವೆ.

ಒಂದು ಕೋಚಿಂಗ್ ಸೆಂಟರಿಗೂ ಸೇರಿದ್ದೆ. ಹೆಸರು ಬೇಡ. ಮೂವತ್ತು ಜನರ ಮುಂದೆ ಮೊಬೈಲ್ ಇಟ್ಟು ಆಡಿಯೋ ಹಾಕುತ್ತಿದ್ದರು. ಮೇಲೆ ಫ್ಯಾನು ಗರಗರ. ಉತ್ತರ ಎ, ಸಿ, ಬಿ ಅಂತ ಹೇಳಿ ಮುಂದಿನದಕ್ಕೆ ಹೋಗುತ್ತಿದ್ದರು. ಯಾಕೆ ಸಿ ಅಂತ ಕೇಳಿದರೆ "ಜಾಸ್ತಿ ಕೇಳಿ, ಬರುತ್ತೆ" ಅನ್ನುತ್ತಿದ್ದರು. ಎರಡು ವಾರದಿಂದ ಜಾಲಹಳ್ಳಿಯಿಂದ ಜಯನಗರದವರೆಗೆ ಮೆಟ್ರೋದಲ್ಲಿ ದಿನಾ ಇಂಗ್ಲಿಷ್ ಪಾಡ್‌ಕಾಸ್ಟ್ ಕೇಳಿದೆ. ಬಂದದ್ದು 11. ನನ್ನ ಕಿವಿಯೇ ಸರಿ ಇಲ್ಲವಾ?

ಬೈಟುಕಾಫಿ · ಜೂನ್ 3, ರಾತ್ರಿ 11:05

ಎರಡು ವಾರಕ್ಕೆಲ್ಲ ಏನೂ ಆಗಲ್ಲ ಅಕ್ಕಾ. ಕೇಳ್ತಾನೇ ಇರಬೇಕು. ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ, ಹಿಂದೆ ಓಡ್ತಾ ಇರಲಿ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನಲ್ಲಿ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಅಂತ ಇದೆ. ಹೆಸರೇ ಹೇಳುವ ಹಾಗೆ ಆರು ನಿಮಿಷ, ನಿಮ್ಮ ಲೆವೆಲ್ಲಿಗೆ ಸರಿ, ಬರಹವೂ ಸಿಗುತ್ತದೆ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಸೈಟಿನಲ್ಲಿ ಶುರುವಿನ ಎ1ರಿಂದ ಮೇಲಿನ ಸಿ1 ಮಟ್ಟದವರೆಗೆ ಬೇರೆ ಬೇರೆ ಮಾಡಿ ಇಟ್ಟಿದ್ದಾರೆ. ನಾನು ಆಸ್ಟ್ರೇಲಿಯಾ ಓದಿಗೆ ಐಇಎಲ್‌ಟಿಎಸ್ ಬರೆದಾಗ ಹೀಗೇ ಮಾಡಿದ್ದು. ಅಲ್ಲಿ ಒಂದೇ ಸಲ ಕೇಳಿಸೋದು. ನಿಮ್ಮದರಲ್ಲಿ ಎರಡು ಸಲ ಕೇಳಿಸ್ತಾರೆ, ಪುಣ್ಯ ಮಾಡಿದ್ದೀರಿ.

ಕೊಪ್ಪಳದವ · ಜೂನ್ 3, ರಾತ್ರಿ 11:31

ನಮ್ಮೂರಲ್ಲಿ ಕೂತು ಲೆಕ್ಕ ಬರೆಯೋಕೆ ಇಂಗ್ಲೆಂಡಿನವರ ಸರ್ಟಿಫಿಕೇಟ್ ಯಾಕೆ ಬೇಕು? ಸುಮ್ನೆ ದುಡ್ಡು ದಂಡ.

ತೋಟದಹುಡುಗಿ · ಜೂನ್ 3, ರಾತ್ರಿ 11:38

ದಂಡವೋ ಏನೋ, ಕಟ್ಟಿಯಾಗಿದೆ ಅಣ್ಣಾ. ಈಗ ಪಾಸಾಗಬೇಕು.

ಮಾಸ್ತರ್_ಧಾರವಾಡ · ಜೂನ್ 4, ಬೆಳಿಗ್ಗೆ 6:15

ತಂಗೀ, ನಿನ್ನ ಕಿವಿ ಸರಿಯಾಗಿಯೇ ಇದೆ. ಮೂವತ್ತೊಂದು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ನಾವು ಮೇಷ್ಟ್ರುಗಳು ಮಾಡಿದ ತಪ್ಪು ಇದು. ಪ್ರತಿ ಪದವನ್ನೂ ಬಿಡಿಬಿಡಿಯಾಗಿ, ಕಡ್ಡಿ ಮುರಿದ ಹಾಗೆ ಹೇಳಿಕೊಟ್ಟೆವು. ಕಪ್. ಆಫ್. ಟೀ. ಇಂಗ್ಲಿಷರು ಹಾಗೆ ಹೇಳುವುದೇ ಇಲ್ಲ. ಅವರ ಬಾಯಲ್ಲಿ ಅದು 'ಕಪ್ಪಟೀ'. ನೀನು 'ಆಫ್'ಗೆ ಕಾಯುತ್ತಾ ಕೂತಿರುತ್ತೀಯ. ಅದು ಬರುವುದೇ ಇಲ್ಲ.

ಒಬ್ಬ ವಿದೇಶಿ ನಮ್ಮ ಪುಸ್ತಕ ಓದಿ ಕನ್ನಡ ಕಲಿತ ಅಂದುಕೊ. 'ಏನು ಮಾಡುತ್ತಿದ್ದೀಯೆ' ಅಂತ ಕಲಿತಿರುತ್ತಾನೆ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಅವನ ಕಿವಿಗೆ ಬೀಳುವುದು 'ಏನ್ಮಾಡ್ತಿದೀಯ'. ಪದ ಗೊತ್ತು, ಆದರೆ ಗುರುತು ಹತ್ತುವುದಿಲ್ಲ. ನಿನ್ನ ಕಥೆಯೂ ಅದೇ.

ಹೈಸ್ಕೂಲಿನಲ್ಲಿ ಸಂಧಿ ಬಾಯಿಪಾಠ ಮಾಡಿದ್ದೀಯಲ್ಲ? ಲೋಪ, ಆಗಮ, ಆದೇಶ. ಈಗ ಉಪಯೋಗಕ್ಕೆ ಬರುತ್ತದೆ ನೋಡು. ಇಂಗ್ಲಿಷಿನಲ್ಲೂ ಈ ಮೂರೂ ಇವೆ, ಆದರೆ ಅವರು ಬರವಣಿಗೆಯಲ್ಲಿ ತೋರಿಸುವುದಿಲ್ಲ.

ಊರು, ಅಲ್ಲಿ ಸೇರಿ ಊರಲ್ಲಿ ಆಯಿತು, ಒಂದು ಸ್ವರ ಹೋಯಿತು. ಹಾಗೆಯೇ 'ಲಾಸ್ಟ್ ನೈಟ್' ಅನ್ನುವುದು 'ಲಾಸ್‌ನೈಟ್'. ಅವರಲ್ಲಿ ಹೋಗುವುದು ವ್ಯಂಜನ, ಅಷ್ಟೇ ವ್ಯತ್ಯಾಸ. 'ಟೆಲ್ ಹಿಮ್' ಅನ್ನುವುದು 'ಟೆಲಿಮ್'.

ಮನೆ, ಅಲ್ಲಿ ಸೇರಿದರೆ ನಡುವೆ ಯ ಬರುತ್ತದೆ. ಗುರು, ಅನ್ನು ಸೇರಿದರೆ ವ ಬರುತ್ತದೆ. 'ಸೀ ಇಟ್' ಹೇಳಿ ನೋಡು, 'ಸೀಯಿಟ್'. 'ಗೋ ಆನ್' ಹೇಳು, 'ಗೋವಾನ್'. ಇ, ಈ ಆದಮೇಲೆ ಯ, ಉ, ಓ ಆದಮೇಲೆ ವ. ನಮ್ಮ ವ್ಯಾಕರಣದ ನಿಯಮವೇ ಅಲ್ಲಿಗೆ ಹೋಗಿ ಕೂತಂತಿದೆ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಹುಡುಗರು ನಗುತ್ತಿದ್ದರು, ಆದರೆ ಮರೆಯುತ್ತಿರಲಿಲ್ಲ.

ಮಳೆಕಾಲ ಅನ್ನದೆ ಮಳೆಗಾಲ ಅನ್ನುತ್ತೇವೆ. 'ಡಿಡ್ ಯು' ಅನ್ನುವುದು 'ಡಿಜು' ಆಗುತ್ತದೆ. 'ಟೆನ್ ಪೌಂಡ್ಸ್' ಅನ್ನುವುದು 'ಟೆಂಪೌಂಡ್ಸ್'.

ಇನ್ನೊಂದು ಮಾತು. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಅದಕ್ಕೇ ಬಸ್ಸು, ಕಾರು, ಪೆನ್ನು ಅಂತ ಒಂದು ಉ ಸೇರಿಸಿಕೊಂಡೆವು. ನಮ್ಮ ಕಿವಿ ಪದದ ಕೊನೆಯಲ್ಲಿ ಒಂದು ಸ್ವರ ಹುಡುಕುತ್ತದೆ. ಅಲ್ಲಿ ಸ್ವರ ಇರಲಿ, ಕೊನೆಯ ವ್ಯಂಜನವೂ ಅರ್ಧಕ್ಕೆ ನುಂಗಿಹೋಗಿರುತ್ತದೆ. ಎಲ್ಲಿ ಪದ ಮುಗಿಯಿತು, ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಅದನ್ನೇ ನೀನು 'ಅವರು ಸ್ಪೀಡಾಗಿ ಮಾತಾಡುತ್ತಾರೆ' ಅನ್ನುತ್ತೀಯ.

ಹಿಂದೆ ಓಡುತ್ತಾ ಇರಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆ ಪಕ್ಕ ಒಂದು ಹಿಟ್ಟಿನ ಗಿರಣಿ ಇದೆ, ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಗಿರಣಿ ನಡೆಸಲು ಬಂದಿಲ್ಲ.

ಬೈಟುಕಾಫಿ · ಜೂನ್ 4, ಬೆಳಿಗ್ಗೆ 9:20

ಗಿರಣಿ ಪಂಚ್ ಚೆನ್ನಾಗಿದೆ ಸರ್. ಆದರೂ ಜಾಸ್ತಿ ಹೊತ್ತು ಕೇಳುವ ಅಭ್ಯಾಸ ಇಲ್ಲದಿದ್ದರೆ ಅರ್ಧ ಗಂಟೆಯ ಪರೀಕ್ಷೆಯಲ್ಲಿ ತಲೆ ಸುಸ್ತಾಗುತ್ತದೆ. ನಾಲ್ಕನೇ ಭಾಗಕ್ಕೆ ಬರುವಷ್ಟರಲ್ಲಿ ನನಗೆ ಮಾತು ಕೇಳಿಸುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ.

ಮಾಸ್ತರ್_ಧಾರವಾಡ · ಜೂನ್ 4, ಬೆಳಿಗ್ಗೆ 9:45

ಅದು ಒಪ್ಪುವ ಮಾತು. ಆದರೆ ಅದು ಜುಲೈನ ಕೆಲಸ. ಜೂನ್‌ನಲ್ಲಿ ಮೂರು ನಿಮಿಷ ಸಾಕು.

ತೋಟದಹುಡುಗಿ · ಜೂನ್ 4, ರಾತ್ರಿ 9:50

ಸರ್, ಸಂಧಿ ಅಂದಾಗ ನನಗೆ ನಗು ಬಂತು. ಆಮೇಲೆ ನಿನ್ನೆ ತಪ್ಪಿದ ಆಡಿಯೋ ಮತ್ತೆ ಹಾಕಿದೆ. 'ಡಿಜು' ಮೂರು ಸಲ ಸಿಕ್ಕಿತು! ಇಷ್ಟು ದಿನ ಅದು ಯಾರದೋ ಹೆಸರು ಅಂದುಕೊಂಡಿದ್ದೆ. ನಿಜವಾಗಲೂ.

ಮೂರು ನಿಮಿಷ ಅಂದರೆ ಏನು ಮಾಡಬೇಕು?

ಮಾಸ್ತರ್_ಧಾರವಾಡ · ಜೂನ್ 5, ಬೆಳಿಗ್ಗೆ 6:05

ಬರಹ ಇರುವ ಮೂರು ನಿಮಿಷದ ಆಡಿಯೋ ಒಂದನ್ನು ಆರಿಸಿಕೊ. ಮೊದಲು ಒಮ್ಮೆ ಸುಮ್ಮನೆ ಪೂರ್ತಿ ಕೇಳು. ಯಾರು, ಎಲ್ಲಿ, ಏನಾಯಿತು, ಎರಡು ಸಾಲು ಕನ್ನಡದಲ್ಲೇ ಬರೆ. ಅಲ್ಲಿಗೆ ಒಂದು ಹಂತ ಮುಗಿಯಿತು.

ಆಮೇಲೆ ಬರೀ ಮೂವತ್ತು ಸೆಕೆಂಡು ತೆಗೆದುಕೊ. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲಿ ಬರೆ. ಅರ್ಥ ಹುಡುಕಬೇಡ. 'ಅನವರನಹಾಫ್' ಅಂತ ಕೇಳಿಸಿದರೆ ಹಾಗೇ ಬರೆ. ನಾಲ್ಕೈದು ಸಲ ಬೇಕಾದರೆ ಹಾಕಿಕೊ. ಆಮೇಲೆ ಅವರ ಇಂಗ್ಲಿಷ್ ಬರಹವನ್ನು ಪಕ್ಕದಲ್ಲಿಟ್ಟು ನೋಡು. 'ಆನ್ ಅವರ್ ಅಂಡ್ ಎ ಹಾಫ್', ಒಂದೂವರೆ ಗಂಟೆ. ಎಲ್ಲಿ ಏನು ಬಿತ್ತು, ಏನು ಸೇರಿತು, ಕೆಂಪು ಪೆನ್ನಿನಲ್ಲಿ ಗುರುತು ಮಾಡು. ಕೊನೆಗೆ ಬರಹ ನೋಡುತ್ತಾ ಒಮ್ಮೆ, ನೋಡದೆ ಒಮ್ಮೆ ಕೇಳು. ಅವರ ಜೊತೆಗೆ ಬಾಯಿಬಿಟ್ಟು ಹೇಳು. ಬಾಯಿಗೆ ಬಂದ ಸದ್ದು ಕಿವಿಗೆ ಬೇಗ ಸಿಗುತ್ತದೆ.

ಏಳನೇಕ್ಲಾಸಮ್ಮ · ಜೂನ್ 5, ಮಧ್ಯಾಹ್ನ 1:10

ಕ್ಷಮಿಸಿ ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ. ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದಕ್ಕೆ ನಮ್ಮ ಟೀಚರ್ ಬೆರಳ ಗಂಟಿನ ಮೇಲೆ ಸ್ಕೇಲಿನಲ್ಲಿ ಹೊಡೆದದ್ದು ಇನ್ನೂ ನೆನಪಿದೆ. ಈಗ ನೀವೇ ಬರೆಯಿರಿ ಅನ್ನುತ್ತಿದ್ದೀರಿ! ಉಚ್ಚಾರ ಕೆಡುವುದಿಲ್ಲವಾ?

ಮಾಸ್ತರ್_ಧಾರವಾಡ · ಜೂನ್ 5, ಸಂಜೆ 7:30

ಹೊಡೆದವರಲ್ಲಿ ನಾನೂ ಒಬ್ಬ ತಾಯೀ. ಪುಸ್ತಕ ನೋಡಿಕೊಂಡು ಕನ್ನಡದಲ್ಲಿ ಬರೆದುಕೊಂಡರೆ ಕೆಡುತ್ತದೆ. ಆಗ 'ಕ್ಯಾನ್ ಯು ಹೆಲ್ಪ್ ಮಿ' ಅಂತ ನೆಟ್ಟಗೆ ಬರೆಯುತ್ತೇವೆ, ನಮ್ಮ ಉಚ್ಚಾರವೇ ಗಟ್ಟಿಯಾಗುತ್ತದೆ. ನಾನು ಹೇಳುವುದು ತಿರುಗುಮುರುಗು. ಪುಸ್ತಕ ಮುಚ್ಚಿ, ಕೇಳಿದ್ದನ್ನು ಬರೆಯುವುದು. ಸದ್ದನ್ನು ಸದ್ದಿನ ಹಾಗೆ ಬರೆಯಲು ನಮ್ಮ ಲಿಪಿ ಇಂಗ್ಲಿಷ್ ಸ್ಪೆಲಿಂಗಿಗಿಂತ ಎಷ್ಟೋ ವಾಸಿ. ಅವರ ಆ ಮಂಕು ಸ್ವರಕ್ಕೆ, ಅಬೌಟ್ ಅನ್ನುವುದರ ಮೊದಲ ಸ್ವರಕ್ಕೆ, ನಮ್ಮಲ್ಲಿ ಸರಿಯಾದ ಅಕ್ಷರ ಇಲ್ಲ, ಅದು ನಿಜ. ಅ ಅಂತ ಬರೆದುಕೊಳ್ಳಿ, ಕೆಲಸ ನಡೆಯುತ್ತದೆ.

ಕೇಂಬ್ರಿಡ್ಜ್‌ನವರು ಪರದೇಶದವರಿಗೆ ಮೊದಲ ಇಂಗ್ಲಿಷ್ ಪರೀಕ್ಷೆ ಇಟ್ಟದ್ದು 1913ರಲ್ಲಿ. ಅದರಲ್ಲಿ ಧ್ವನಿಶಾಸ್ತ್ರದ್ದೇ ಒಂದು ಪತ್ರಿಕೆ, ಜೊತೆಗೆ ಉಕ್ತಲೇಖನವೂ ಇತ್ತು. ಕೂತವರು ಮೂರೇ ಜನ. ಮೂವರೂ ಫೇಲು. 11 ಬಂತು ಅಂತ ಬೇಜಾರು ಮಾಡಿಕೊಂಡವಳಿಗೆ ಇದನ್ನೂ ಹೇಳಿಬಿಡಿ.

ಏಳನೇಕ್ಲಾಸಮ್ಮ · ಜೂನ್ 5, ರಾತ್ರಿ 8:02

ಸರಿ ಸರ್, ಒಪ್ಪಿದೆ. ನನ್ನ ಮಗನೂ ಶಾಲೆಯಿಂದ ಇದೇ ಪರೀಕ್ಷೆಯ 'ಫಾರ್ ಸ್ಕೂಲ್ಸ್' ಬರೆಯುತ್ತಿದ್ದಾನೆ. ಮಾದರಿ ಒಂದೇ, ಮಟ್ಟವೂ ಒಂದೇ, ವಿಷಯಗಳು ಮಾತ್ರ ಮಕ್ಕಳಿಗೆ ತಕ್ಕ ಹಾಗೆ. ಅವನಿಗೆ ಕೇಳುವುದು ಕಷ್ಟ ಇಲ್ಲ, ಕಾರ್ಟೂನ್ ದಯೆ. ಆದರೆ ಪದ ಪೂರ್ತಿ ಕೇಳಿಸಿದರೂ ಉತ್ತರ ತಪ್ಪು! ಅದು ಯಾಕೆ?

ಲೆಸ್ಟರ್_ಕನ್ನಡತಿ · ಜೂನ್ 6, ಮಧ್ಯಾಹ್ನ 3:25

ಅದಕ್ಕೆ ನಾನು ಹೇಳುತ್ತೇನೆ. ಪರೀಕ್ಷೆ ಮಾಡುವವರು ಬೇಕೂಂತಲೇ ಬಲೆ ಹಾಕಿರುತ್ತಾರೆ. ಮೊದಲ ಭಾಗದಲ್ಲಿ ಏಳು ಪ್ರಶ್ನೆ, ಪ್ರತಿಯೊಂದಕ್ಕೂ ಮೂರು ಚಿತ್ರ. ಮೂರರ ಹೆಸರೂ ಮಾತಿನಲ್ಲಿ ಬರಬಹುದು. ಕನ್ನಡದಲ್ಲೇ ಒಂದು ಉದಾಹರಣೆ ಹೇಳಿದರೆ ಗೊತ್ತಾಗುತ್ತದೆ.

ಪ್ರಶ್ನೆ: ಅತ್ತೆ ಮದುವೆಗೆ ಹೇಗೆ ಬಂದರು? ಚಿತ್ರಗಳು: ಬಸ್ಸು, ಕಾರು, ರೈಲು.

ಆಡಿಯೋ: "ಬಸ್ಸಿಗೆ ಟಿಕೆಟ್ ಮಾಡಿಸಿದ್ದೆ ಕಣೇ. ಆಮೇಲೆ ಇವರ ತಮ್ಮ ಕಾರಲ್ಲಿ ಕರ್ಕೊಂಡು ಹೋಗ್ತೀನಿ ಅಂದ. ಅದು ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ. ಬಸ್ಸು ಆಗಲೇ ಹೋಗಿತ್ತು. ಕೊನೆಗೆ ಸ್ಟೇಷನ್ನಿಗೆ ಓಡಿದ್ದು."

ರೈಲು ಅನ್ನುವ ಪದವೇ ಬರಲಿಲ್ಲ, ನೋಡಿದಿರಾ? ಉತ್ತರ ಮಾತ್ರ ರೈಲು. ನಿಮ್ಮ ಮಗ ಬಸ್ಸು ಅಂತ ಕೇಳಿದ ತಕ್ಷಣ ಟಿಕ್ ಹಾಕಿಬಿಡುತ್ತಾನೆ. 'ಬಟ್', 'ಆಕ್ಚುಯಲಿ', 'ಇನ್‌ಸ್ಟೆಡ್', 'ಇನ್ ದಿ ಎಂಡ್' ಬಂದರೆ ಕಿವಿ ನೆಟ್ಟಗಾಗಬೇಕು. ಅದರ ಮುಂದೆ ಬರುವುದೇ ಸಾಮಾನ್ಯವಾಗಿ ಬೇಕಾದದ್ದು. ನಾಲ್ಕನೇ ಭಾಗದ ಸಂದರ್ಶನದಲ್ಲಿ ಇದು ಇನ್ನೂ ಜಾಸ್ತಿ. ಆಯ್ಕೆಯಲ್ಲಿರುವ ಪದವೇ ಕಿವಿಗೆ ಬಿದ್ದರೆ ಸ್ವಲ್ಪ ಅನುಮಾನಪಡಿ. ಸರಿ ಉತ್ತರವನ್ನು ಬೇರೆ ಮಾತಿನಲ್ಲಿ ಹೇಳಿರುತ್ತಾರೆ.

ಅಂದಹಾಗೆ ನಾನು ಬರೆದದ್ದು ಈ ಪರೀಕ್ಷೆ ಅಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಕಾಯಂ ಇರಲು ಬಿ1 ಬೇಕಿತ್ತು, ಅದಕ್ಕೆ ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಕೊಟ್ಟೆ. ಇನ್ನೊಬ್ಬ ಅಭ್ಯರ್ಥಿ ಜೊತೆ ಕೂರಿಸಿ ಕೇಳುವುದು, ಮಾತಾಡುವುದು ಎರಡೂ ಒಟ್ಟಿಗೆ, ಇಪ್ಪತ್ತೆರಡು ನಿಮಿಷ. ಪಾಸು ಅಥವಾ ಫೇಲು, ಅಷ್ಟೇ. ಯಾರಾದರೂ ಬ್ರಿಟನ್ ವೀಸಾಗೆ ಅಂತ ಬಿ1 ಪ್ರಿಲಿಮಿನರಿ ಬರೆಯಲು ಹೊರಟಿದ್ದರೆ ನಿಲ್ಲಿ. 2015ರ ಏಪ್ರಿಲ್‌ನಿಂದ ಅದನ್ನು ವೀಸಾಗೆ ತೆಗೆದುಕೊಳ್ಳುವುದಿಲ್ಲ. ನನ್ನ ಗೆಳತಿ ಒಬ್ಬಳು ದುಡ್ಡು ಕಟ್ಟಿ ಆಮೇಲೆ ತಿಳಿದು ಅತ್ತಳು.

ತೋಟದಹುಡುಗಿ · ಜೂನ್ 6, ರಾತ್ರಿ 10:15

ನನಗೆ ವೀಸಾ ಏನೂ ಬೇಡ ಅಕ್ಕಾ. ಸರ್ಟಿಫಿಕೇಟಿಗೆ ಅವಧಿ ಮುಗಿಯುವುದಿಲ್ಲ ಅಂತ ಇದನ್ನೇ ಆರಿಸಿದೆ. ಐಇಎಲ್‌ಟಿಎಸ್ ಎರಡು ವರ್ಷಕ್ಕೆ ಹಳೆಯದಾಗುತ್ತದಂತೆ.

ಮೂರನೇ ಭಾಗಕ್ಕೆ ಏನಾದರೂ ಹೇಳಿ. ಆರು ಖಾಲಿ ಜಾಗ ತುಂಬುವುದು. ನನಗೆ ಅಲ್ಲಿ ಬಂದದ್ದು ಒಂದೇ ಅಂಕ.

ಲೆಸ್ಟರ್_ಕನ್ನಡತಿ · ಜೂನ್ 7, ಸಂಜೆ 4:40

ಅಲ್ಲಿ ಹೆಚ್ಚಾಗಿ ಬೇಕಾಗುವುದು ಒಂದೆರಡು ಪದ, ಇಲ್ಲವೇ ಸಂಖ್ಯೆ, ತಾರೀಖು, ಸಮಯ. ಆಡಿಯೋ ಶುರುವಾಗುವ ಮೊದಲು ಪ್ರಶ್ನೆ ಓದಲು ಸಮಯ ಕೊಡುತ್ತಾರೆ. ಪ್ರತಿ ಖಾಲಿ ಜಾಗದ ಪಕ್ಕ ಪೆನ್ಸಿಲಿನಲ್ಲಿ 'ದುಡ್ಡು', 'ದಿನ', 'ಹೆಸರು' ಅಂತ ಊಹೆ ಬರೆದುಕೊಳ್ಳಿ. ಕನ್ನಡದಲ್ಲೇ ಬರೆಯಿರಿ, ಬೇಗ ಆಗುತ್ತದೆ. ಕಿವಿ ಆಗ ಅದೊಂದಕ್ಕೇ ಕಾಯುತ್ತದೆ.

ಸಮಯದಲ್ಲಿ ನಮಗೆ ಒಂದು ವಿಶೇಷ ತೊಂದರೆ ಇದೆ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟಿಗೆ ಫೋನ್ ಮಾಡಿದೆ. 'ಕ್ವಾರ್ಟರ್ ಟು ಸೆವೆನ್' ಅಂದರು. ನಾನು ಹೋದದ್ದು ಏಳೂಕಾಲಿಗೆ. ಬಾಗಿಲು ಹಾಕಿತ್ತು. ನಾವು ಆರೂಮುಕ್ಕಾಲು ಅನ್ನುತ್ತೇವೆ, ಅಂದರೆ ಕಳೆದುಹೋದ ಗಂಟೆಯಿಂದ ಲೆಕ್ಕ. ಅವರು ಬರಲಿರುವ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. 'ಸೆವೆನ್' ಕಿವಿಗೆ ಬಿದ್ದ ಕೂಡಲೇ ನಮ್ಮ ಕೈ 7 ಅಂತ ಬರೆದುಬಿಡುತ್ತದೆ. 'ಹಾಫ್ ಸೆವೆನ್' ಅಂದರೆ ಹೆದರಬೇಡಿ, ಅದು ನಮ್ಮ ಏಳೂವರೆಯೇ.

'ಥರ್ಟೀನ್', 'ಥರ್ಟಿ' ಬಗ್ಗೆ ಎಲ್ಲರೂ ಹೇಳುತ್ತಾರೆ. ಕೊನೆಯ ನ್‌ಗೆ ಕಾಯಬೇಡಿ, ಅದು ಕೇಳಿಸದೇ ಹೋಗಬಹುದು. ಒತ್ತು ಎಲ್ಲಿ ಬಿತ್ತು ನೋಡಿ. ಹದಿಮೂರಾದರೆ ಸಾಮಾನ್ಯವಾಗಿ ಎರಡನೇ ಭಾಗದ ಮೇಲೆ, ಮೂವತ್ತಾದರೆ ಮೊದಲ ಭಾಗದ ಮೇಲೆ. ಫೋನ್ ನಂಬರಿನಲ್ಲಿ ಸೊನ್ನೆಯನ್ನು 'ಓ' ಅನ್ನುತ್ತಾರೆ, 55 ಇದ್ದರೆ 'ಡಬಲ್ ಫೈವ್'.

ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರೆ ಅದು ಪೂರ್ತಿ ಸರಿಯಿರಬೇಕು. ನಾನು 'ಎ', 'ಇ', 'ಐ' ಮೂರನ್ನೂ ಗಲಿಬಿಲಿ ಮಾಡಿಕೊಳ್ಳುತ್ತಿದ್ದೆ. ಜಿ, ಜೆ ಕೂಡ. ಗಂಡ ದಿನಾ ಬೀದಿಯ ಬೋರ್ಡುಗಳ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ನಮ್ಮ ಲೆಸ್ಟರ್ ಇದೆಯಲ್ಲ, ಅದರ ಸ್ಪೆಲಿಂಗ್ ಒಂದು ಸಲ ನೋಡಿ. ಅರ್ಧ ಅಕ್ಷರ ಅಲಂಕಾರಕ್ಕೆ.

ಮಾಸ್ತರ್_ಧಾರವಾಡ · ಜೂನ್ 7, ರಾತ್ರಿ 8:10

ಆರೂಮುಕ್ಕಾಲಿನ ವಿಷಯ ಇಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಬರೆದಿಟ್ಟುಕೊಂಡೆ.

ಇನ್ನೆರಡು ಸೇರಿಸುತ್ತೇನೆ. ನಾವು ಎಲೆ ಅನ್ನುವಾಗ ಯೆಲೆ ಅನ್ನುತ್ತೇವೆ, ಒಂದು ಅನ್ನುವಾಗ ವೊಂದು. ಅದಕ್ಕೇ ನಮಗೆ ಕಿವಿ ಅನ್ನುವ 'ಇಯರ್', ವರ್ಷ ಅನ್ನುವ 'ಯಿಯರ್' ಒಂದೇ ಥರ. ವೆಸ್ಟ್ ದಿಕ್ಕೋ, ಒಳಗೆ ಹಾಕುವ ಬಟ್ಟೆಯೋ ಅದೂ ಒಂದೇ. ಇವನ್ನು ಸದ್ದಿನಿಂದ ಬಿಡಿಸಲು ಕೂರಬೇಡ, ಪಕ್ಕದ ಪದ ನೋಡಿ ತಿಳಿದುಕೊ. ಒಂದು ಖುಷಿಯ ವಿಷಯವೂ ಇದೆ. ಹಡಗಿನ 'ಶಿಪ್', ಕುರಿಯ 'ಶೀಪ್', ಇದರಲ್ಲಿ ಎಷ್ಟೋ ದೇಶದವರು ಎಡವುತ್ತಾರೆ. ಹ್ರಸ್ವ, ದೀರ್ಘ ಹಾಲಿನ ಜೊತೆಗೇ ಕುಡಿದ ನಮಗೆ ಅದು ಲೆಕ್ಕಕ್ಕಿಲ್ಲ. ಅದೇ ಬಲದಿಂದ ಬ್ರಿಟಿಷರ 'ಕ್ಯಾನ್', 'ಕಾಂಟ್' ಹಿಡಿಯಬಹುದು. 'ಟ್' ಕೇಳಿಸದಿದ್ದರೂ ಸ್ವರ ಉದ್ದವಾಗಿದ್ದರೆ ಆಗುವುದಿಲ್ಲ ಅಂತ. ಬೇಗ 'ಕನ್' ಅಂದು ಮುಂದೆ ಹೋದರೆ ಆಗುತ್ತದೆ ಅಂತ. ಅಮೆರಿಕದವರಲ್ಲಿ ಈ ಗುರುತು ಸಿಗುವುದಿಲ್ಲ.

ಬೈಟುಕಾಫಿ · ಜೂನ್ 9, ಬೆಳಿಗ್ಗೆ 8:50

ಸ್ಪೀಡ್ 0.75 ಮಾಡಿ ಕೇಳಬಹುದಾ ಸರ್? ವಾಯ್ಸ್ ಆಫ್ ಅಮೆರಿಕದವರೂ 1959ರಲ್ಲಿ ನಿಧಾನಕ್ಕೆ ಓದುವ 'ಸ್ಪೆಷಲ್ ಇಂಗ್ಲಿಷ್' ಶುರು ಮಾಡಿದ್ದರಲ್ಲ? ಸುಮಾರು 1,500 ಪದ ಮಾತ್ರ ಬಳಸುತ್ತಿದ್ದರು. ನಮ್ಮ ತಾತ ಶಾರ್ಟ್‌ವೇವ್‌ನಲ್ಲಿ ಅದನ್ನು ಕೇಳಿಯೇ ಕಲಿತದ್ದು.

ಮಾಸ್ತರ್_ಧಾರವಾಡ · ಜೂನ್ 9, ಸಂಜೆ 6:40

ನಾನೂ ಅದನ್ನು ಕೇಳಿದವನೇ. ಧೈರ್ಯ ಬರುತ್ತದೆ. ಆದರೆ ಅವರು ಪದಪದ ಬಿಡಿಸಿ ಓದುತ್ತಿದ್ದರು, ಸಂಧಿ ಕಡಿಮೆ. ಈ ಹುಡುಗಿಗೆ ಬೇಕಾದದ್ದು ಸಂಧಿ. ಮೊಬೈಲಿನಲ್ಲಿ ನಿಧಾನ ಮಾಡುವುದು ಬೇರೆ, ಅಲ್ಲಿ ಸಂಧಿ ಹಾಗೇ ಉಳಿಯುತ್ತದೆ, ಜಗ್ಗಿದ ರಬ್ಬರಿನ ಹಾಗೆ. ಗೊತ್ತಾಗದ ಒಂದು ವಾಕ್ಯಕ್ಕೆ ಹಾಕಿ ನೋಡಿ, ಮತ್ತೆ ಮೊದಲಿನ ವೇಗಕ್ಕೆ ಬಂದುಬಿಡಿ. ಪೂರ್ತಿ ಪಾಠ ನಿಧಾನದಲ್ಲಿ ಕೇಳಬೇಡಿ, ಅದೇ ರೂಢಿಯಾಗುತ್ತದೆ.

ತೋಟದಹುಡುಗಿ · ಜೂನ್ 26, ರಾತ್ರಿ 10:30

ಮೂರು ವಾರದ ವರದಿ. ಹೊಸ ಪೇಪರಿನಲ್ಲಿ 25ಕ್ಕೆ 14. ಮೂರನೇ ಭಾಗದಲ್ಲಿ ಒಂದಿದ್ದದ್ದು ನಾಲ್ಕಾಯಿತು! ನಾಲ್ಕನೇ ಭಾಗ ಹಾಗೇ ಇದೆ, ಎರಡು.

ಮೂವತ್ತು ಸೆಕೆಂಡಿಗೆ ಮೊದಲ ದಿನ ಐವತ್ತು ನಿಮಿಷ ಹಿಡಿಯಿತು. ಅಳು ಬಂತು. ಈಗ ಇಪ್ಪತ್ತು ನಿಮಿಷ. ಮೆಟ್ರೋದಲ್ಲಿ ಈ ಕೆಲಸ ಆಗಲ್ಲ, ಬರೆಯೋಕೆ ಜಾಗ ಎಲ್ಲಿದೆ? ರಾತ್ರಿ ಊಟ ಆದಮೇಲೆ ಕೂರುತ್ತೇನೆ. ಬೆಳಿಗ್ಗೆ ಮೆಟ್ರೋದಲ್ಲಿ ಅದೇ ತುಣುಕನ್ನು ಮತ್ತೆ ಕೇಳುತ್ತೇನೆ. ನಿನ್ನೆ ಗಜಿಬಿಜಿ ಅನ್ನಿಸಿದ್ದು ಇವತ್ತು ಬಿಡಿಸಿಟ್ಟ ಹಲಸಿನ ತೊಳೆ ಥರ ಕೇಳಿಸುತ್ತದೆ. ಪಕ್ಕದಲ್ಲಿ ಕೂತವರು ನಾನು ಗೊಣಗುವುದನ್ನು ನೋಡಿ ಸ್ವಲ್ಪ ಆಚೆ ಸರಿಯುತ್ತಾರೆ. ಜಾಗ ಜಾಸ್ತಿ ಸಿಗುತ್ತದೆ, ಒಳ್ಳೆಯದೇ.

14 ಬಂದರೆ ಪಾಸಾಗುತ್ತೇನಾ?

ಬೈಟುಕಾಫಿ · ಜೂನ್ 26, ರಾತ್ರಿ 11:00

ಪಾಸಿಗೆ ಒಟ್ಟು ಸ್ಕೋರು 140 ಬೇಕು. ಅಭ್ಯಾಸದ ಪೇಪರುಗಳಿಗೆ ಕೇಂಬ್ರಿಡ್ಜ್‌ನವರೇ ಕೊಟ್ಟಿರುವ ಪಟ್ಟಿಯಲ್ಲಿ ಲಿಸನಿಂಗ್‌ನಲ್ಲಿ 25ಕ್ಕೆ 18 ಬಂದರೆ ಸ್ಕೋರು 140, 11 ಬಂದರೆ 120. ಆದರೆ ಪ್ರತಿಯೊಂದರಲ್ಲೂ ಬೇರೆ ಬೇರೆ ಪಾಸಾಗಬೇಕಿಲ್ಲ. ರೀಡಿಂಗ್, ರೈಟಿಂಗ್, ಲಿಸನಿಂಗ್, ಸ್ಪೀಕಿಂಗ್ ನಾಲ್ಕರ ಸರಾಸರಿ ನೋಡುತ್ತಾರೆ. ನಿಮ್ಮ ರೀಡಿಂಗ್ ಚೆನ್ನಾಗಿರುವುದರಿಂದ ಅದು ಇದನ್ನು ಎತ್ತುತ್ತದೆ. ನೀವು ಅಕೌಂಟ್ಸಿನವರು, ಲೆಕ್ಕ ನಿಮಗೇ ಗೊತ್ತು.

ಇನ್ನು ನನ್ನ ಮಾತಿಗೆ ಬನ್ನಿ. ಜುಲೈ ಬಂತು. ವಾರಕ್ಕೆ ಎರಡು ದಿನ ಅರ್ಧ ಗಂಟೆ ಎದ್ದೇಳದೆ ಪೂರ್ತಿ ಪೇಪರ್ ಮಾಡಿ. ನಾಲ್ಕನೇ ಭಾಗದಲ್ಲಿ ಎರಡೇ ಬರುತ್ತಿರುವುದು ತಲೆ ಸುಸ್ತಾಗಿ. ಮಾಸ್ತರೇ ಜುಲೈನ ಕೆಲಸ ಅಂದಿದ್ದರು, ಸಾಕ್ಷಿ ಮೇಲೇ ಇದೆ.

ಮಾಸ್ತರ್_ಧಾರವಾಡ · ಜೂನ್ 27, ಬೆಳಿಗ್ಗೆ 6:10

ಒಪ್ಪಿದೆನಪ್ಪಾ. ಒಂದೇ ಷರತ್ತು. ಎರಡನೇ ಸಲ ಕೇಳಿಸುತ್ತಾರೆ ಅಂತ ಮೊದಲನೇ ಸಲ ಮೈಮರೆಯುವುದು ಬೇಡ. ಮೊದಲ ಸಲವೇ ಉತ್ತರ ಹಾಕಬೇಕು, ಎರಡನೆಯದು ತಪಾಸಣೆಗೆ. ಒಂದು ತಪ್ಪಿದರೆ ಬಿಟ್ಟುಬಿಡು. ಅದನ್ನೇ ಯೋಚಿಸುತ್ತಾ ಕೂತರೆ ಮುಂದಿನದೂ ಹೋಗುತ್ತದೆ.

ಏಳನೇಕ್ಲಾಸಮ್ಮ · ಜುಲೈ 2, ಬೆಳಿಗ್ಗೆ 11:15

ಖಾಲಿ ಮಾತ್ರ ಬಿಡಬೇಡಿ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಪೇಪರಿನಲ್ಲಿ ಬರೆಯುವವರಿಗೆ ಉತ್ತರ ಹಾಳೆಗೆ ತುಂಬಲು ಕೊನೆಗೆ 6 ನಿಮಿಷ ಕೊಡುತ್ತಾರೆ. ನನ್ನ ಮಗ ಆ ಆರು ನಿಮಿಷವನ್ನು ಹಾಳೆಯ ಮೂಲೆಯಲ್ಲಿ ಕ್ರಿಕೆಟ್ ಬ್ಯಾಟ್ ಬರೆಯಲು ಬಳಸಿದ. ಮಾಕ್ ಟೆಸ್ಟಿನಲ್ಲಿ, ಪುಣ್ಯಕ್ಕೆ.

ತೋಟದಹುಡುಗಿ · ಜುಲೈ 30, ರಾತ್ರಿ 9:40

19. ಬೇರೇನೂ ಹೇಳಲ್ಲ, ದೃಷ್ಟಿ ತಗಲುತ್ತದೆ.

ಕೊಪ್ಪಳದವ · ಜುಲೈ 30, ರಾತ್ರಿ 10:02

ದಂಡ ಅಂದದ್ದು ವಾಪಸ್ ತಗೊಂಡೆ. ಆ ಕನ್ನಡದಲ್ಲಿ ಬರೆಯುವ ಪದ್ಧತಿ ನಾನೂ ಶುರು ಮಾಡಿದ್ದೇನೆ, ಪರೀಕ್ಷೆಗಲ್ಲ. ದುಬೈನಿಂದ ಸೈಟ್ ಮ್ಯಾನೇಜರ್ ಕಳಿಸುವ ವಾಯ್ಸ್ ಮೆಸೇಜ್ ತಿಳಿಯೋಕೆ.

ಲೆಸ್ಟರ್_ಕನ್ನಡತಿ · ಜುಲೈ 31, ಮಧ್ಯಾಹ್ನ 2:20

ಹೊರಗಿನ ಇಂಗ್ಲಿಷ್ ಪರೀಕ್ಷೆಯದಕ್ಕಿಂತ ಕಷ್ಟ ಅಂತ ಒಂದು ಮಾತು ಹೇಳಿಬಿಡುತ್ತೇನೆ. ಪರೀಕ್ಷೆಯ ಧ್ವನಿಗಳು ಸ್ಪಷ್ಟವಾಗಿರುತ್ತವೆ. ನಮ್ಮಲ್ಲಿ ಬಸ್ಸು 'ಬುಸ್'. ಮೊದಲ ವಾರ ಅಂಗಡಿಯಲ್ಲಿ ಒಬ್ಬ ಅಜ್ಜಿ ನನ್ನನ್ನು 'ಮಿ ಡುಕ್' ಅಂದರು. ಬೈದರು ಅಂದುಕೊಂಡು ಮನೆಗೆ ಬಂದು ಅತ್ತೆ. ಆಮೇಲೆ ಗೊತ್ತಾಯಿತು, ಬಾತುಕೋಳಿಯ ಡಕ್, ನಮ್ಮ 'ಕಂದಾ', 'ಪುಟ್ಟೀ' ಇದ್ದ ಹಾಗೆ. ಈಗ ಯಾರಾದರೂ ಅನ್ನದಿದ್ದರೆ ಬೇಜಾರು.

ತೋಟದಹುಡುಗಿ · ಅಕ್ಟೋಬರ್ 1, ಸಂಜೆ 7:15

ರಿಸಲ್ಟ್ ಬಂತು! ರೀಡಿಂಗ್ 159, ರೈಟಿಂಗ್ 142, ಲಿಸನಿಂಗ್ 147, ಸ್ಪೀಕಿಂಗ್ 144. ಒಟ್ಟು 148, ಗ್ರೇಡ್ ಸಿ, ಪಾಸು. ರೈಟಿಂಗ್‌ಗಿಂತ ಲಿಸನಿಂಗ್ ಜಾಸ್ತಿ ಅಂದರೆ ನನಗೇ ನಂಬಿಕೆ ಬರುತ್ತಿಲ್ಲ. ಮಾಸ್ತರೇ, ನಿಮಗೆ ಸಾಗರದಿಂದ ಒಂದು ಡಬ್ಬ ಅಪ್ಪೆಮಿಡಿ ಬರುತ್ತದೆ. ಬೈಟುಕಾಫಿಯವರಿಗೆ ಅರ್ಧ ಡಬ್ಬ, ಹೆಸರಿಗೆ ತಕ್ಕ ಹಾಗೆ.

ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂರಕ್ಕೂ ಜಾಸ್ತಿ ಸದ್ದು ಇವೆ. ಮುಂದೆ ಬರುವವರಿಗೆ ಬೇಕಾದೀತು ಅಂತ ಕೆಲವು ಹಾಕುತ್ತೇನೆ. ಎಡಗಡೆ ಕಿವಿಗೆ ಬಿದ್ದದ್ದು, ಬಲಗಡೆ ಪುಸ್ತಕದ್ದು.

ಗಿವಿಮಿಟ್ = ಗಿವ್ ಹಿಮ್ ಇಟ್
ಶುಡವ್‌ಗಾನ್ = ಶುಡ್ ಹ್ಯಾವ್ ಗಾನ್
ಹ್ಯಾಂಬ್ಯಾಗ್ = ಹ್ಯಾಂಡ್‌ಬ್ಯಾಗ್
ಫರಲಾಂಗ್‌ಟೈಮ್ = ಫಾರ್ ಎ ಲಾಂಗ್ ಟೈಮ್ (ಮೊದಲು ಇದನ್ನು ಫರ್ಲಾಂಗ್ ಅಂದುಕೊಂಡಿದ್ದೆ)
ಲಾಟವ್ = ಎ ಲಾಟ್ ಆಫ್
ಹಾಫನವರ್ = ಹಾಫ್ ಆನ್ ಅವರ್

ಲೆಸ್ಟರ್_ಕನ್ನಡತಿ · ಅಕ್ಟೋಬರ್ 1, ರಾತ್ರಿ 9:30

ಶಭಾಷ್ ಪುಟ್ಟೀ! ಕೊನೆಯದು ನಮ್ಮ ಬೀದಿಯಲ್ಲಿ ಬೇರೆ ಥರ ಕೇಳಿಸುತ್ತದೆ. ಇಲ್ಲಿ ಹ ಅನ್ನುವುದು ಎಷ್ಟೋ ಜನರ ಬಾಯಲ್ಲಿ ಇಲ್ಲವೇ ಇಲ್ಲ. 'ಆಫನವರ್' ಅಂತಲೂ ಪಕ್ಕದಲ್ಲಿ ಬರೆದುಕೊಳ್ಳಿ.

ಮದ್ದೂರ್ವಡೆ · ಅಕ್ಟೋಬರ್ 1, ರಾತ್ರಿ 10:05

ಮೊದಲಿಂದ ಕೂತು ಪೂರ್ತಿ ಓದಿದೆ. ಹಾಲಿಗೆ ಆಲು, ಹಸುವಿಗೆ ಅಸ ಅನ್ನುವ ನಮ್ಮ ಮಂಡ್ಯದವರು ಲೆಸ್ಟರಿಗೆ ಬಂದರೆ ಕೋಚಿಂಗೇ ಬೇಡ ಅನ್ನಿ. ನನ್ನ ಪರೀಕ್ಷೆ ಡಿಸೆಂಬರ್‌ನಲ್ಲಿ. ಆ ನೋಟ್‌ಬುಕ್ಕಿನ ಉಳಿದ ಪುಟಗಳ ಫೋಟೋ ಹಾಕ್ತೀರಾ ಅಕ್ಕಾ?